ದಾರಿ ಕಾಯುವ ಊರು

(ಒಂದು ಸಂಜೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಪರದೆ ಮೇಲೆ ಚಿತ್ರ ತೋರಿಸಿ ಸುಮ್ನೆ ನಿಂತುಬಿಟ್ಟಿದ್ದ ಕಡೆ ಇಲ್ಲಿ ನಾಲ್ಕು ಮಾತು ಸೇರಿಸಬೇಕಾಯಿತು. ಕೇಳಿದ ಪ್ರಶ್ನೆಗಳಲ್ಲಿ ಒಂದೆರಡು ಒಳ್ಳೆಯವಿದ್ದವು, ಅವನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಬೋರ್ಡಿನಿಂದ ಶುರು ಮಾಡುತ್ತೇನೆ. ನೀವು ಅಮೆರಿಕದ ಟೆಕ್ಸಸ್ ಕಡೆಯಿಂದ ಪಶ್ಚಿಮಕ್ಕೆ ಕಾರು ಓಡಿಸುತ್ತಿದ್ದೀರಿ ಅಂದುಕೊಳ್ಳಿ. ಎರಡೂ ಕಡೆ ಬಟಾಬಯಲು. ಮರ ಇಲ್ಲ, ಮನೆ ಇಲ್ಲ, ನೋಡೋಕೆ ಏನೂ ಇಲ್ಲ. ಆಗ ರಸ್ತೆ ಪಕ್ಕ ಒಂದು ದೊಡ್ಡ ಬೋರ್ಡ್ ಬರುತ್ತದೆ. 'ಟೂಕಮ್‌ಕೇರಿ ಟುನೈಟ್! 2000 ಮೋಟೆಲ್ ರೂಮುಗಳು.' ಸರಿ, ಓದಿದಿರಿ, ಮುಂದೆ ಹೋದಿರಿ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಬೋರ್ಡ್. ಆಮೇಲೆ ಮತ್ತೊಂದು. ಹಿಂದಿನ ಸೀಟಿನಲ್ಲಿರುವ ಮಕ್ಕಳು ಎಣಿಸೋಕೆ ಶುರು ಮಾಡುತ್ತಾರೆ. ಹೊತ್ತು ಮುಳುಗುವ ವೇಳೆಗೆ ಕಾರಿನಲ್ಲಿರುವ ಎಲ್ಲರಿಗೂ, ಸ್ಟಿಯರಿಂಗ್ ಹಿಡಿದವರಿಗೂ ಸೇರಿಸಿ, ಇವತ್ತು ಮಲಗೋದು ಅಲ್ಲೇ ಅಂತ ಗೊತ್ತಾಗಿಬಿಟ್ಟಿರುತ್ತದೆ. ಯಾರೂ ಅದನ್ನ ಕೂತು ತೀರ್ಮಾನ ಮಾಡಿರುವುದಿಲ್ಲ.

ನಾನು ಇವತ್ತು ಹೇಳೋದು ಈ ಟೂಕಮ್‌ಕೇರಿ ಅನ್ನುವ ಊರಿನ ಬಗ್ಗೆ. ನ್ಯೂ ಮೆಕ್ಸಿಕೋ ರಾಜ್ಯದ ಪೂರ್ವ ಭಾಗದಲ್ಲಿದೆ. ಈಗ ಅಲ್ಲಿ ಸುಮಾರು ಐದು ಸಾವಿರ ಜನ ಇದ್ದಾರೆ. ಹೆಸರಿನ ಕೊನೆಯಲ್ಲಿ 'ಕೇರಿ' ಇದೆ, ಆದರೆ ನಮ್ಮ ಕೇರಿಗೂ ಅದಕ್ಕೂ ಸಂಬಂಧ ಇಲ್ಲ. ಊರಿನ ದಕ್ಷಿಣಕ್ಕೆ ಚಪ್ಪಟೆ ತಲೆಯ ಒಂದು ಗುಡ್ಡ ಇದೆ, ಅದರ ಹೆಸರೇ ಊರಿಗೆ ಬಂದಿದೆ. ಟೋಕಮ್ ಅನ್ನುವ ಹುಡುಗ, ಕೇರಿ ಅನ್ನುವ ಹುಡುಗಿ, ಅವರ ದುರಂತ ಪ್ರೇಮ ಅಂತ ಒಂದು ಕಥೆ ಹೇಳುತ್ತಾರೆ. ಯಾರೋ ಪ್ರವಾಸಿಗರಿಗೆ ಅಂತಲೇ ಕಟ್ಟಿದ ಕಥೆ ಅದು. ಆ ಹೆಸರು ಬಹುಶಃ ಕಮಾಂಚಿ ಅನ್ನುವ ಮೂಲನಿವಾಸಿಗಳ ಭಾಷೆಯದು. ಅರ್ಥ, ಹೊಂಚು ಹಾಕಿ ಕಾಯುವುದು. ಗುಡ್ಡದ ಮೇಲೆ ಕೂತರೆ ಬಯಲಲ್ಲಿ ಬರುವವರು ಮೈಲಿಗಟ್ಟಲೆ ದೂರದಿಂದಲೇ ಕಾಣುತ್ತಾರೆ, ಅದಕ್ಕೆ ಇರಬೇಕು.

ಕನ್ನಡದಲ್ಲಿ ಯಾರಿಗಾದರೂ ಕಾದು ಕೂರೋದಕ್ಕೆ 'ದಾರಿ ಕಾಯೋದು' ಅನ್ನುತ್ತೇವಲ್ಲ, ಈ ಊರು ಮಾಡಿದ್ದು ಅಕ್ಷರಶಃ ಅದನ್ನೇ. ಹೋಗುವವರನ್ನು ನಿಲ್ಲಿಸೋದೇ ಈ ಊರಿನ ಹೊಟ್ಟೆಪಾಡು. ಅಲ್ಲಿ ಬೇರೆ ಕಸುಬುಗಳೂ ಇದ್ದವು, ದನ ಸಾಕುತ್ತಿದ್ದರು, ಬೇಸಾಯ ಇತ್ತು. ಆದರೆ ಮುಖ್ಯ ಬೀದಿಯಲ್ಲಿ ನಿಂತು ನೋಡಿದರೆ ಕಾಣೋದು ಒಂದೇ ಕಸುಬು.

ಇದು ಊರಿನೊಳಗಿಂದ ಹಾಯುತ್ತಿದ್ದ ರೂಟ್ 66 ಅನ್ನುವ ಹೆದ್ದಾರಿಯಿಂದ ಶುರುವಾಗಿದ್ದಲ್ಲ. ಊರು ಹುಟ್ಟಿದ್ದೇ ರೈಲಿನಿಂದ. 1901ರಲ್ಲಿ ಷಿಕಾಗೋ, ರಾಕ್ ಐಲ್ಯಾಂಡ್ ಅಂಡ್ ಪೆಸಿಫಿಕ್ ರೈಲ್ವೆ ಕಂಪನಿ ಹಳಿ ಹಾಕುವ ಕೂಲಿಗಳಿಗೆ ಅಲ್ಲಿ ಡೇರೆ ಹಾಕಿತು. ಚಿಂದಿ ಬಟ್ಟೆಯ ಡೇರೆಗಳ ಊರು ಅಂತ ಮೊದಲು 'ರ‍್ಯಾಗ್‌ಟೌನ್' ಅಂದರು. ಆಮೇಲೆ ದಿನಾ ಬಂದೂಕಿನ ಜಗಳ ಜಾಸ್ತಿಯಾಗಿ 'ಸಿಕ್ಸ್ ಶೂಟರ್ ಸೈಡಿಂಗ್' ಆಯಿತು. 1908ರಲ್ಲಿ ಗುಡ್ಡದ ಹೆಸರು ಖಾಯಂ ಆಯಿತು. ಉಗಿಬಂಡಿಯ ಕಾಲ ಅದು. ನೀರು ತುಂಬಿಸಿಕೊಳ್ಳದೆ, ಕಲ್ಲಿದ್ದಲು ಹಾಕಿಕೊಳ್ಳದೆ ಎಂಜಿನ್ ಮುಂದೆ ಹೋಗೋ ಹಾಗಿರಲಿಲ್ಲ. ಅಂದರೆ ಆಗ ಊರು ಯಾರನ್ನೂ ಕೂಗಿ ಕರೆಯಬೇಕಿರಲಿಲ್ಲ. ರೈಲು ತಾನಾಗೇ ನಿಲ್ಲುತ್ತಿತ್ತು.

ಕಾರಿನ ವಿಷಯ ಹಾಗಲ್ಲ. ಕಾರು ಎಲ್ಲಿ ನಿಲ್ಲಬೇಕು ಅನ್ನೋದು ಓಡಿಸುವವನ ಇಷ್ಟ. ಈ ಊರಿನ ಕಲೆಯೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ರೂಟ್ 66ರ ಚರಿತ್ರೆ ಬೇಗ ಹೇಳಿ ಮುಗಿಸುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. 1926ರ ನವೆಂಬರ್ 11ಕ್ಕೆ ಅಮೆರಿಕದ ಹೆದ್ದಾರಿಗಳಿಗೆ ನಂಬರ್ ಹಾಕುವ ಪದ್ಧತಿ ಜಾರಿಗೆ ಬಂತು. ಷಿಕಾಗೋದಿಂದ ಲಾಸ್ ಏಂಜಲಿಸ್‌ಗೆ ಹೋಗುವ ದಾರಿಗೆ 66 ಬಂತು. ಸುಮಾರು 2400 ಮೈಲಿ, ಎಂಟು ರಾಜ್ಯ. ಟಲ್ಸಾ ಊರಿನ ಸೈರಸ್ ಏವರಿ ಅನ್ನುವವರು ಈ ದಾರಿಗೆ 60 ಅನ್ನುವ ನಂಬರ್ ಬೇಕು ಅಂತ ಹಟ ಹಿಡಿದಿದ್ದರು. ಕೆಂಟಕಿ ರಾಜ್ಯದವರು ಆ 60 ನಮಗೆ ಬೇಕು ಅಂದರು. ಕೊನೆಗೆ ಯಾರಿಗೂ ಬೇಡವಾಗಿ ಬಿದ್ದಿದ್ದ 66 ತಗೊಂಡು ಏವರಿ ಸಮಾಧಾನ ಮಾಡಿಕೊಂಡರು. ಇವತ್ತು ಆ ಎರಡು ಆರುಗಳನ್ನು ಟೀ ಶರ್ಟಿನ ಮೇಲೆ ಹಾಕಿ ಜಗತ್ತಿಗೆಲ್ಲ ಮಾರುತ್ತಾರೆ. 60ರ ಟೀ ಶರ್ಟ್ ಯಾರಾದರೂ ನೋಡಿದ್ದೀರಾ? ಪೂರ್ತಿ ದಾರಿಗೆ ಟಾರು, ಕಾಂಕ್ರೀಟು ಬಿದ್ದದ್ದು 1938ರಲ್ಲಿ.

ಈಗ ಭೂಪಟ ನೋಡಿ. ಪೂರ್ವಕ್ಕೆ ಅಮರಿಲೊ, ನೂರು ಮೈಲಿಗಿಂತ ಸ್ವಲ್ಪ ಜಾಸ್ತಿ. ಪಶ್ಚಿಮಕ್ಕೆ ಆಲ್ಬಕರ್ಕಿ, ನೂರ ಎಪ್ಪತ್ತರ ಆಸುಪಾಸು. ಎರಡು ದೊಡ್ಡ ಊರುಗಳ ನಡುವಿನ ಬಯಲಲ್ಲಿ ಟೂಕಮ್‌ಕೇರಿ. ಇವತ್ತಿನ ಕಾರಿಗೆ ಅದೇನು ದೊಡ್ಡ ದೂರ ಅಲ್ಲ. ಅವತ್ತಿನ ಕಾರಿಗೆ ದೂರವೇ. ಏರಿನಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಟಯರ್ ಪಂಕ್ಚರ್ ಆಗದ ದಿನ ಅದೃಷ್ಟದ ದಿನ. ಕ್ಯಾನ್ವಾಸ್ ಬಟ್ಟೆಯ ನೀರಿನ ಚೀಲವನ್ನ ಕಾರಿನ ಮುಂದಕ್ಕೆ ನೇತುಹಾಕಿಕೊಂಡು ಹೋಗುತ್ತಿದ್ದರು. ಬಟ್ಟೆಯಿಂದ ನೀರು ಜಿನುಗಿ ಗಾಳಿಗೆ ಆರುತ್ತಿತ್ತು, ಒಳಗಿನ ನೀರು ತಂಪಾಗಿರುತ್ತಿತ್ತು. ಮಣ್ಣಿನ ಹೂಜಿ ಕೆಲಸ ಮಾಡೋದೂ ಹಾಗೇ. ಆ ನೀರು ರೇಡಿಯೇಟರಿಗೂ ಆಯಿತು, ಗಂಟಲಿಗೂ ಆಯಿತು.

ಹೀಗಾಗಿ ಮೊದಲು ಬಂದದ್ದು ಪೆಟ್ರೋಲ್ ಬಂಕು, ಗ್ಯಾರೇಜು. ಅದರ ಹಿಂದೆಯೇ ಊಟದ ಜಾಗ. ಆಮೇಲೆ ಹಾಸಿಗೆ. ಹಾಸಿಗೆಯ ಹೆಸರು ಬದಲಾಗುತ್ತಾ ಬಂದದ್ದು ನೋಡಿದರೆ ಒಂದು ಇಡೀ ಚರಿತ್ರೆ ಕಾಣುತ್ತದೆ. ಮೊದಲು ಬರೀ ಕ್ಯಾಂಪು, ನಿಮ್ಮ ಡೇರೆ ನೀವೇ ಹಾಕಿಕೊಳ್ಳಿ ಅನ್ನುವ ಲೆಕ್ಕ. ಆಮೇಲೆ ಕ್ಯಾಬಿನ್, ಅಂದರೆ ಒಂಟಿ ಕೋಣೆಯ ಗುಡಿಸಲು. ಆಮೇಲೆ ಟೂರಿಸ್ಟ್ ಕೋರ್ಟ್, ಅಂಗಳದ ಸುತ್ತ ಸಾಲು ಕೋಣೆಗಳು. ಮೋಟರ್ ಮತ್ತು ಹೋಟೆಲ್ ಸೇರಿಸಿ 'ಮೋಟೆಲ್' ಅನ್ನುವ ಪದ ಕಟ್ಟಿದ್ದು 1925ರಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಲೂಯಿಸ್ ಒಬಿಸ್ಪೊ ಊರಿನಲ್ಲಿ. ಅದು 66ರ ಮೇಲಿರುವ ಊರಲ್ಲ. ಪದ ಹುಟ್ಟಿದ್ದು ಅಲ್ಲಿ, ಮೆರೆದದ್ದು ಇಲ್ಲಿ.

ನಿಲ್ಲಿಸುವ ಉಪಾಯಗಳ ಬಗ್ಗೆ ಹೇಳೋಕೆ ನನಗೆ ತುಂಬಾ ಇಷ್ಟ. ದಾರಿಯುದ್ದಕ್ಕೂ ಒಬ್ಬರಿಗಿಂತ ಒಬ್ಬರು ಜಾಣರು.

ಮಿಸೌರಿಯಲ್ಲಿ ಮೆರಮೆಕ್ ಗುಹೆ ಅಂತ ಒಂದಿದೆ. ಅದರ ಯಜಮಾನ ಲೆಸ್ಟರ್ ಡಿಲ್ ರೈತರ ಹತ್ತಿರ ಹೋಗಿ, ನಿಮ್ಮ ಕೊಟ್ಟಿಗೆಗೆ ನಾನೇ ಬಣ್ಣ ಹೊಡೆಸಿಕೊಡುತ್ತೇನೆ ಅನ್ನುತ್ತಿದ್ದರು. ಹೊಡೆಸುತ್ತಲೂ ಇದ್ದರು. ಜೊತೆಗೆ ಗುಹೆಯ ಹೆಸರನ್ನೂ ಆಳೆತ್ತರದ ಅಕ್ಷರದಲ್ಲಿ ಬರೆಸಿಬಿಡುತ್ತಿದ್ದರು. ಅಷ್ಟಕ್ಕೇ ಬಿಡಲಿಲ್ಲ. ಜನ ಗುಹೆ ನೋಡೋಕೆ ಒಳಗೆ ಹೋದಾಗ ಹುಡುಗರನ್ನ ಬಿಟ್ಟು ಅವರ ಕಾರಿನ ಬಂಪರಿಗೆ ಜಾಹೀರಾತಿನ ಫಲಕ ಕಟ್ಟಿಸುತ್ತಿದ್ದರು. ಹಣ ಕೊಟ್ಟು ನೋಡಿ ಹೋದವರೇ ಊರೂರಿಗೆ ಜಾಹೀರಾತು ಹೊತ್ತುಕೊಂಡು ಹೋಗುತ್ತಿದ್ದರು, ಪುಕ್ಕಟೆ.

ಅರಿಜೋನಾದ ಜೋಸೆಫ್ ಸಿಟಿ ಹತ್ತಿರ ಜ್ಯಾಕ್ ರ‍್ಯಾಬಿಟ್ ಅನ್ನುವ ಅಂಗಡಿ ಇದೆ. ಅದರ ಬೋರ್ಡಿನಲ್ಲಿ ಕಪ್ಪು ಮೊಲದ ಚಿತ್ರ. ಮೈಲಿಗಟ್ಟಲೆ ದೂರದಿಂದ ಮೊಲ ಕಾಣಿಸುತ್ತಾ ಬರುತ್ತದೆ, ಕೊನೆಗೆ ಅಂಗಡಿ ಎದುರಿಗೆ ದೊಡ್ಡ ಬೋರ್ಡು, 'ಇದೇ ನೋಡಿ ಅದು' ಅಂತ. ಒಳಗೆ ಏನು ಮಾರುತ್ತಾರೆ ಅಂತ ಬೋರ್ಡು ಹೇಳೋದೇ ಇಲ್ಲ! ಅಷ್ಟು ಮೊಲ ನೋಡಿದ ಮೇಲೆ ನಿಲ್ಲಿಸದೆ ಹೋಗೋಕೆ ಯಾರಿಗೆ ಮನಸ್ಸು ಬರುತ್ತದೆ?

ಅದೇ ರಾಜ್ಯದ ಹಾಲ್‌ಬ್ರುಕ್‌ನಲ್ಲಿ ಇನ್ನೊಂದು. ಟೀಪಿ, ಅಂದರೆ ಅಲ್ಲಿನ ಮೂಲನಿವಾಸಿಗಳ ಚೂಪು ಡೇರೆ, ಅದೇ ಆಕಾರದಲ್ಲಿ ಕಾಂಕ್ರೀಟಿನ ಕೋಣೆಗಳು. ಹೆಸರು ವಿಗ್‌ವಾಮ್ ಮೋಟೆಲ್. ವಿನ್ಯಾಸ ಫ್ರಾಂಕ್ ರೆಡ್‌ಫರ್ಡ್ ಅವರದು. ಅದನ್ನು ಬಳಸಿಕೊಂಡದ್ದಕ್ಕೆ ಅವರಿಗೆ ಹಣ ಸಂದಾಯವಾಗುತ್ತಿದ್ದ ಕ್ರಮ ನೋಡಿ. ಕೋಣೆಯಲ್ಲಿ ಕಾಸು ಹಾಕಿದರೆ ಹಾಡುವ ರೇಡಿಯೊ ಇತ್ತು. ಹತ್ತು ಸೆಂಟ್ ಹಾಕಿದರೆ ಅರ್ಧ ಗಂಟೆ. ಆ ಹತ್ತು ಸೆಂಟುಗಳೆಲ್ಲ ಅವರಿಗೆ.

ಟೂಕಮ್‌ಕೇರಿಯಲ್ಲೂ ಒಂದು ಟೀಪಿ ಇದೆ. ಅದರ ಕಥೆ ಬೇರೆ. 1940ರ ದಶಕದ ಶುರುವಿನಲ್ಲಿ ಅದು ಪೆಟ್ರೋಲ್ ಬಂಕು, ಜೊತೆಗೆ ದಿನಸಿ, ಆಟಿಕೆ, ನೆನಪಿನ ಕಾಣಿಕೆಗಳ ಅಂಗಡಿ. 1959ರಲ್ಲಿ ರಸ್ತೆ ಅಗಲ ಮಾಡಿದರು. ಪಂಪುಗಳಿದ್ದ ಜಾಗವೇ ರಸ್ತೆಗೆ ಹೋಯಿತು. ಬಂಕಿಗೆ ಪಂಪೇ ಇಲ್ಲ ಅಂದರೆ ಏನು ಮಾಡೋದು? ಮುಂಬಾಗಿಲಿಗೆ ಅಂಟಿಕೊಂಡ ಹಾಗೆ ಒಂದು ದೊಡ್ಡ ಟೀಪಿ ಕಟ್ಟಿದರು. ಅಂಗಡಿಗೆ ಹೋಗೋರು ಟೀಪಿಯೊಳಗಿಂದ ನುಗ್ಗಿ ಹೋಗಬೇಕು. ಪೆಟ್ರೋಲಿಗೆ ನಿಲ್ಲುತ್ತಿದ್ದ ಜನ ಫೋಟೊಗೆ ನಿಲ್ಲೋಕೆ ಶುರು ಮಾಡಿದರು. ಈಗಲೂ ನಿಲ್ಲುತ್ತಾರೆ. ಇಲ್ಲೊಂದು ಮಾತು ಹೇಳಲೇಬೇಕು. ಟೀಪಿ ಹುಲ್ಲುಗಾವಲಿನ ಅಲೆಮಾರಿ ಬುಡಕಟ್ಟುಗಳದ್ದು. ನ್ಯೂ ಮೆಕ್ಸಿಕೋದ ಪ್ಯೂಬ್ಲೊ ಜನ ಮಣ್ಣಿನ ಮನೆಗಳಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿಕೊಂಡು, ಶತಮಾನಗಳಿಂದ ಇದ್ದವರು. ಆದರೆ ಕಾರಲ್ಲಿ ಬರುವವರ ತಲೆಯಲ್ಲಿ 'ಇಂಡಿಯನ್' ಅಂದರೆ ಟೀಪಿ. ಅಂಗಡಿಯವರು ಗಿರಾಕಿಯ ತಲೆಯಲ್ಲಿ ಇದ್ದದ್ದನ್ನೇ ಕಟ್ಟಿಸಿದರು.

ಒಂಟೆ ಮಾತ್ರ ನಿಜವಾದದ್ದು. ಅದೇ ಬೀದಿಯಲ್ಲಿ 1959ರಲ್ಲಿ ಕಟ್ಟಿದ ಸಫಾರಿ ಮೋಟೆಲ್ ಇದೆ, ಅದರ ಬೋರ್ಡಿನ ಮೇಲೆ ಒಂಟೆ. ನ್ಯೂ ಮೆಕ್ಸಿಕೋದಲ್ಲಿ ಒಂಟೆ ಯಾಕೆ ಅಂದರೆ, 1857ರಲ್ಲಿ ಎಡ್ವರ್ಡ್ ಬೀಲ್ ಅನ್ನುವ ಅಧಿಕಾರಿ ಪಶ್ಚಿಮಕ್ಕೆ ಬಂಡಿ ದಾರಿ ಹುಡುಕುವಾಗ ಸೇನೆಯ ಒಂಟೆಗಳನ್ನು ಹೊಡೆದುಕೊಂಡು ಹೋಗಿದ್ದರು. ಮರುಭೂಮಿಗೆ ಒಂಟೆ ಆಗಬಹುದೇನೋ ಅಂತ ಅಮೆರಿಕದ ಸೇನೆ ಪ್ರಯೋಗ ಮಾಡುತ್ತಿದ್ದ ಕಾಲ ಅದು. ಮುಂದೆ ಅರಿಜೋನಾದಲ್ಲಿ 66 ಹೆಚ್ಚುಕಮ್ಮಿ ಬೀಲ್ ತೋರಿಸಿದ ದಾರಿಯಲ್ಲೇ ಹೋಯಿತು.

ಇನ್ನು ರಾತ್ರಿಯ ಉಪಾಯ. ಹಗಲು ಹೊತ್ತು ಬೋರ್ಡು, ಮೊಲ, ಟೀಪಿ ಎಲ್ಲ ಸರಿ. ಆದರೆ ಜನ ರೂಮು ಹುಡುಕೋದು ಕತ್ತಲಾಗುವಾಗ. ಅದಕ್ಕೆ ನಿಯಾನ್ ದೀಪ.

ನಿಯಾನ್ ಬೋರ್ಡ್ ಮಾಡುವ ರೀತಿಯನ್ನು ಸ್ವಲ್ಪ ಹೇಳುತ್ತೇನೆ, ಯಾಕಂದರೆ ಅದು ಇವತ್ತಿಗೂ ಕೈಕೆಲಸವೇ. ಗಾಜಿನ ಕೊಳವೆಯನ್ನ ಬೆಂಕಿಯ ಮೇಲೆ ಹಿಡಿದು ಕಾಯಿಸುತ್ತಾರೆ. ಮೆತ್ತಗಾದಾಗ ಕಾಗದದ ಮೇಲೆ ಬರೆದಿಟ್ಟ ಅಕ್ಷರದ ಗೆರೆಗೆ ಸರಿಯಾಗಿ ಬಾಗಿಸಬೇಕು. ಬಾಗಿಸುವಾಗ ಕೊಳವೆ ಒಳಗೆ ಕುಸಿಯದ ಹಾಗೆ ಸಣ್ಣ ರಬ್ಬರ್ ನಳಿಕೆಯಿಂದ ಬಾಯಲ್ಲಿ ಊದುತ್ತಾ ಇರಬೇಕು. ಅಕ್ಷರ ಆದ ಮೇಲೆ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು ಸ್ವಲ್ಪವೇ ಅನಿಲ ತುಂಬಿ ಮುಚ್ಚುತ್ತಾರೆ. ಸಾವಿರಾರು ವೋಲ್ಟ್ ಕರೆಂಟು ಹರಿಸಿದರೆ ಬೆಳಗುತ್ತದೆ. ನಿಯಾನ್ ಅನಿಲ ಕೊಡೋದು ಕೆಂಪು ಮಿಶ್ರಿತ ಕಿತ್ತಳೆ ಬಣ್ಣ ಮಾತ್ರ. ನೀಲಿ ಬೇಕು ಅಂದರೆ ಆರ್ಗಾನ್ ತುಂಬಿ ಒಂದು ಹನಿ ಪಾದರಸ ಹಾಕಬೇಕು. ಅಂದರೆ ನೀಲಿ ನಿಯಾನ್ ಅಂತ ನಾವು ಅನ್ನೋದರಲ್ಲಿ ನಿಯಾನೇ ಇರೋಲ್ಲ.

ಟೂಕಮ್‌ಕೇರಿಯ ಬ್ಲೂ ಸ್ವಾಲೊ ಮೋಟೆಲ್ಲಿನ ಬೋರ್ಡು ಈ ದಾರಿಯಲ್ಲೇ ತುಂಬಾ ಫೋಟೊ ತೆಗೆಸಿಕೊಂಡ ಬೋರ್ಡುಗಳಲ್ಲಿ ಒಂದು. ನೀಲಿ ಹಕ್ಕಿ ರೆಕ್ಕೆ ಬಿಚ್ಚಿ ಹಾರುತ್ತಿದೆ. ಅದರ ಕೆಳಗೆ ಒಂದು ಸಾಲು ಇದೆ, '100% ರೆಫ್ರಿಜರೇಟೆಡ್ ಏರ್'. ಮೊದಲ ಸಲ ಓದಿದಾಗ ನನಗೆ ನಗು ಬಂತು. ನೂರಕ್ಕೆ ನೂರು ತಂಪು ಗಾಳಿ ಅಂದರೆ, ಎಂಬತ್ತು ಪರ್ಸೆಂಟಿನದೂ ಉಂಟಾ? ಆಮೇಲೆ ಗೊತ್ತಾಯಿತು, ಅದು ಜಂಬ ಅಲ್ಲ, ಖಚಿತವಾದ ಮಾಹಿತಿ. ಆ ಕಡೆ ಬಹಳ ಜಾಗದಲ್ಲಿ ಇದ್ದದ್ದು ಕೂಲರ್. ಒದ್ದೆ ಮಾಡಿದ ನಾರಿನ ಮೂಲಕ ಫ್ಯಾನು ಗಾಳಿ ಎಳೆಯುತ್ತದೆ. ಒಣ ಹವೆಯಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತದೆ. ಜುಲೈ, ಆಗಸ್ಟಿನಲ್ಲಿ ಮಳೆ ಮೋಡ ಬಂದು ಗಾಳಿಯಲ್ಲಿ ತೇವ ತುಂಬಿಕೊಂಡರೆ ಕೂಲರ್ ಸೋಲುತ್ತದೆ, ರೂಮೆಲ್ಲ ಜಿಗಿಜಿಗಿ. ನಮ್ಮಲ್ಲಿರೋದು ಕೂಲರ್ ಅಲ್ಲ, ಕಂಪ್ರೆಸರ್ ಇರುವ ನಿಜವಾದ ಏಸಿ ಅಂತ ಒಂದೇ ಸಾಲಿನಲ್ಲಿ ಹೇಳಿದ್ದು ಅದು. ದಿನವಿಡೀ ಬೆವರಿ ಬಂದವನಿಗೆ ಆ ಸಾಲು ಹೇಗೆ ಕಂಡಿರಬೇಕು!

ಬ್ಲೂ ಸ್ವಾಲೊ ಕಟ್ಟೋಕೆ ಶುರುವಾದದ್ದು 1939ರಲ್ಲಿ. ಹನ್ನೆರಡು ಕೋಣೆ, ಎಲ್ ಆಕಾರದ ಕಟ್ಟಡ, ಗುಲಾಬಿ ಬಣ್ಣದ ಗಾರೆ ಗೋಡೆ. ಪ್ರತಿ ಕೋಣೆಯ ಪಕ್ಕದಲ್ಲೇ ಆ ಕೋಣೆಯವರ ಕಾರಿಗೆ ಒಂದು ಗ್ಯಾರೇಜು. ಮನುಷ್ಯನಿಗೂ ಕಾರಿಗೂ ಅಕ್ಕಪಕ್ಕ ಮಲಗೋ ಜಾಗ. ಆಗಿನ ಗ್ಯಾರೇಜು ಈಗಿನ ಕೆಲವು ದೊಡ್ಡ ಕಾರುಗಳಿಗೆ ಇಕ್ಕಟ್ಟು. ಕನ್ನಡಿ ಮಡಚಿ, ಹೆಂಡತಿ ಹಿಂದೆ ನಿಂತು 'ಬಾ ಬಾ ಬಾ, ಸಾಕು' ಅಂತ ಕೈ ತೋರಿಸಿ ಒಳಗೆ ತೂರಿಸೋದು ನೋಡಿದ್ದೇನೆ.

ಈ ಮೋಟೆಲನ್ನು 1958ರಲ್ಲಿ ಫ್ಲಾಯ್ಡ್ ರೆಡ್‌ಮನ್ ಕೊಂಡುಕೊಂಡು ತಾನು ಮದುವೆಯಾಗಲಿದ್ದ ಲಿಲಿಯನ್ ಅವರಿಗೆ ನಿಶ್ಚಿತಾರ್ಥದ ಉಡುಗೊರೆಯಾಗಿ ಕೊಟ್ಟರು. ಉಂಗುರದ ಬದಲು ಹನ್ನೆರಡು ಕೋಣೆ. ಉಡುಗೊರೆಯೋ, ಜೀವನಪೂರ್ತಿ ಕೆಲಸವೋ ಅಂತ ನಾನು ಯೋಚಿಸಿದ್ದುಂಟು. ಲಿಲಿಯನ್ ಅದನ್ನ ನಲವತ್ತು ವರ್ಷ ನಡೆಸಿದರು. ಗಂಡ ತೀರಿಹೋದ ಮೇಲೂ ನಡೆಸಿದರು. ರೂಮಿಗೆ ಬಂದವರಿಗೆ ಹಾರೈಕೆಯ ಮಾತು ಅಚ್ಚು ಮಾಡಿಸಿದ ಒಂದು ಕಾರ್ಡ್ ಕೊಡುತ್ತಿದ್ದರು. ಕೈಯಲ್ಲಿ ದುಡ್ಡಿಲ್ಲದೆ ಬಂದವರಿಗೆ ಯಾವುದಾದರೂ ವಸ್ತು ಇಟ್ಟುಕೊಂಡು, ಕೆಲವೊಮ್ಮೆ ಅದೂ ಇಲ್ಲದೆ, ಮಲಗೋಕೆ ಜಾಗ ಕೊಟ್ಟಿದ್ದರು. 1998ರಲ್ಲಿ, ತೀರಾ ವಯಸ್ಸಾದ ಮೇಲೆ, ಮಾರಿದರು. ಹೊಸದಾಗಿ ಕೊಂಡವರು ಬೋರ್ಡು ಬದಲಿಸಲಿಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲ ಕೇಳೋಕೆ ಚೆನ್ನಾಗಿದೆ. ಈಗ ಚೆನ್ನಾಗಿಲ್ಲದ್ದು.

ಎಲ್ಲರಿಗೂ ನಿಲ್ಲೋಕೆ ಆಗುತ್ತಿರಲಿಲ್ಲ. 1930ರ ದಶಕದಲ್ಲಿ ಒಕ್ಲಹೋಮ ಕಡೆ ಬರ, ಧೂಳಿನ ಬಿರುಗಾಳಿ. ಹೊಲ ಕಳೆದುಕೊಂಡವರು ಮನೆ ಸಾಮಾನನ್ನೆಲ್ಲ ಕಾರಿನ ಮೇಲೆ ಕಟ್ಟಿಕೊಂಡು ಇದೇ ದಾರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅವರಲ್ಲಿ ಬಹಳ ಜನ ಮಲಗಿದ್ದು ರಸ್ತೆ ಬದಿಯಲ್ಲಿ. 1936ರಲ್ಲಿ ಲಾಸ್ ಏಂಜಲಿಸ್ ಪೊಲೀಸರು ರಾಜ್ಯದ ಗಡಿಗೇ ಹೋಗಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನ ವಾಪಸ್ ಕಳಿಸಿದರು.

ಇನ್ನು ಕಪ್ಪು ಜನ. ಅವರ ಕೈಯಲ್ಲಿ ದುಡ್ಡಿದ್ದರೂ ಎಷ್ಟೋ ಮೋಟೆಲ್ಲುಗಳಲ್ಲಿ ಹಾಸಿಗೆ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಕಪ್ಪು ಜನ ಊರಲ್ಲಿ ಇರಲೇಬಾರದು ಅನ್ನುವ ಊರುಗಳೂ ಈ ದಾರಿಯಲ್ಲಿ ಇದ್ದವು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಿಕ್ಟರ್ ಹ್ಯೂಗೊ ಗ್ರೀನ್ ಅಂತ ಅಂಚೆ ಪೇದೆ ಒಬ್ಬರಿದ್ದರು. ಕಪ್ಪು ಪ್ರಯಾಣಿಕರು ಎಲ್ಲಿ ಮಲಗಬಹುದು, ಎಲ್ಲಿ ಊಟ ಮಾಡಬಹುದು, ಎಲ್ಲಿ ಪೆಟ್ರೋಲ್ ಸಿಗುತ್ತದೆ ಅಂತ ವಿಳಾಸ ಕಲೆಹಾಕಿ 1936ರಿಂದ 'ಗ್ರೀನ್ ಬುಕ್' ಅಂತ ಕೈಪಿಡಿ ತಂದರು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಈ ಭೇದ ಕಾನೂನಿಗೆ ವಿರುದ್ಧ ಆಯಿತು. ಕೈಪಿಡಿ ಅದಾಗಿ ಎರಡು ಮೂರು ವರ್ಷಕ್ಕೆ ನಿಂತಿತು. ಅಲ್ಲಿವರೆಗೆ ಆ ಕುಟುಂಬಗಳು ಕಾರಿನಲ್ಲಿ ಹಾಸಿಗೆ, ಬುತ್ತಿ, ಪೆಟ್ರೋಲ್ ಡಬ್ಬ ಎಲ್ಲ ತುಂಬಿಕೊಂಡೇ ಹೊರಡುತ್ತಿದ್ದವು. ದಾರಿಯುದ್ದಕ್ಕೂ ನಿಯಾನ್ ಕರೆಯುತ್ತಿತ್ತು, ಅವರು ನಿಲ್ಲಿಸದೆ ಓಡಿಸುತ್ತಿದ್ದರು. ನಿಯಾನ್ ದೀಪದ ಚೆಂದದ ಫೋಟೊ ನೋಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಆ ಬೆಳಕು ಎಲ್ಲರ ಮುಖಕ್ಕೂ ಬಿದ್ದಿರಲಿಲ್ಲ.

ಸ್ವಲ್ಪ ಹಗುರ ಮಾಡಿಕೊಳ್ಳೋಣ. ಟೂಕಮ್‌ಕೇರಿಯಿಂದ ಪೂರ್ವಕ್ಕೆ ಸುಮಾರು 40 ಮೈಲಿ ಹೋದರೆ ಗ್ಲೆನ್‌ರಿಯೊ ಅಂತ ಒಂದು ಊರು. ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೋ ಗಡಿ ಊರಿನ ನಡುವೆಯೇ ಹಾಯುತ್ತದೆ. ಟೆಕ್ಸಸ್ ಕಡೆಯ ಜಿಲ್ಲೆಯಲ್ಲಿ ಮದ್ಯ ಮಾರುವ ಹಾಗಿರಲಿಲ್ಲ. ಹಾಗಾಗಿ ಬಾರುಗಳೆಲ್ಲ ನ್ಯೂ ಮೆಕ್ಸಿಕೋ ಕಡೆ. ನ್ಯೂ ಮೆಕ್ಸಿಕೋದಲ್ಲಿ ಪೆಟ್ರೋಲಿನ ಮೇಲೆ ತೆರಿಗೆ ಜಾಸ್ತಿ. ಹಾಗಾಗಿ ಬಂಕುಗಳೆಲ್ಲ ಟೆಕ್ಸಸ್ ಕಡೆ. ಕಾರಿಗೆ ಕುಡಿಸೋದು ಇಲ್ಲಿ, ತಾನು ಕುಡಿಯೋದು ಅಲ್ಲಿ. ಅಲ್ಲಿದ್ದ ಮೋಟೆಲ್ಲಿನ ಬೋರ್ಡಿನಲ್ಲಿ ಒಂದು ಕಡೆಯಿಂದ ಓದಿದರೆ 'ಟೆಕ್ಸಸ್‌ನ ಮೊದಲ ಮೋಟೆಲ್', ಇನ್ನೊಂದು ಕಡೆಯಿಂದ ಓದಿದರೆ 'ಟೆಕ್ಸಸ್‌ನ ಕೊನೆಯ ಮೋಟೆಲ್'. ಎರಡೂ ಸುಳ್ಳಲ್ಲ. 1970ರ ದಶಕದಲ್ಲಿ ಹೊಸ ಹೆದ್ದಾರಿ ಪಕ್ಕದಲ್ಲಿ ಹಾದುಹೋಯಿತು. ಈಗ ಗ್ಲೆನ್‌ರಿಯೊ ಪಾಳು ಊರು. ಆ ಬೋರ್ಡಿನ ಚೌಕಟ್ಟಿಗೆ ಗಾಳಿ ಹೊಡೆಯುತ್ತಾ ಇರುತ್ತದೆ, ಅಷ್ಟೇ.

ಹೊಸ ಹೆದ್ದಾರಿಯ ಕಥೆ ಹೀಗೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇಂಟರ್‌ಸ್ಟೇಟ್ ಹೆದ್ದಾರಿಗಳ ಕಾಯ್ದೆಗೆ ಸಹಿ ಹಾಕಿದರು. ಖರ್ಚಿನಲ್ಲಿ ನೂರಕ್ಕೆ ತೊಂಬತ್ತು ಭಾಗ ಕೇಂದ್ರ ಸರಕಾರದ್ದು. ಈ ರಸ್ತೆಗೆ ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ. ಹತ್ತಿ ಇಳಿಯೋಕೆ ಗೊತ್ತಾದ ಜಾಗ ಮಾತ್ರ. ಹಳೆಯ 66 ಪ್ರತಿ ಊರಿನ ಹೊಟ್ಟೆಯೊಳಗಿಂದ ಹೋಗುತ್ತಿತ್ತು, ಇದು ಊರನ್ನ ಸುತ್ತಿ ಹೋಗುತ್ತದೆ. ಓಡಿಸುವವರಿಗೆ ಇದು ಒಳ್ಳೆಯದೇ. ಹಳೆಯ ರಸ್ತೆಯಲ್ಲಿ ಎದುರುಬದುರು ಡಿಕ್ಕಿ ಹೊಡೆದು ಸತ್ತವರು ಕಮ್ಮಿಯೇನಲ್ಲ. ಹಳೆಯದನ್ನ ಹೊಗಳುವಾಗ ನಾವು ಇದನ್ನ ಮರೆಯುತ್ತೇವೆ. ಗ್ಲೆನ್‌ರಿಯೊ ಮತ್ತು ಸಾನ್ ಹೋನ್ ಊರಿನ ನಡುವಿನ ಕಿರಿದಾದ ರಸ್ತೆಗೆ ಅಪಘಾತದ ಕೆಟ್ಟ ಹೆಸರೇ ಇತ್ತು.

ಊರುಗಳಿಗೆ ಮಾತ್ರ ಜೀವ ಹೋದ ಹಾಗಾಯಿತು. ಆದರೆ ನ್ಯೂ ಮೆಕ್ಸಿಕೋದವರು ತಲೆ ಮೇಲೆ ಕೈಹೊತ್ತು ಕೂರಲಿಲ್ಲ, ಜಗಳಕ್ಕೇ ನಿಂತರು. 1963ರಲ್ಲಿ ಅಲ್ಲಿನ ಶಾಸನಸಭೆ ಒಂದು ಕಾನೂನು ಮಾಡಿತು. ಊರಿನವರು ಬೇಡ ಅಂದರೆ ಬೈಪಾಸ್ ಕಟ್ಟುವ ಹಾಗಿಲ್ಲ! ಕೇಂದ್ರದವರು ಸುಮ್ಮನಿರುತ್ತಾರಾ? ಹಾಗಾದರೆ ರಸ್ತೆ ಹಣ ನಿಲ್ಲಿಸುತ್ತೇವೆ ಅಂದರು. ಒಂದೆರಡು ವರ್ಷದಲ್ಲಿ ಕಾನೂನು ಹಿಂದಕ್ಕೆ ಹೋಯಿತು. ಆ ನಡುವೆ 1964ರಲ್ಲಿ ಟೂಕಮ್‌ಕೇರಿ ಮತ್ತು ಸಾನ್ ಹೋನ್‌ನವರು ಒಂದು ರಾಜಿ ಮಾಡಿಕೊಂಡರು. ಬೈಪಾಸ್ ಬರಲಿ, ಆದರೆ ನಮ್ಮ ಅಂಗಡಿ ಬೀದಿಗೆ ಆದಷ್ಟು ಹತ್ತಿರ ಬರಲಿ, ಇಳಿದು ಬರೋಕೆ ಸುಲಭ ಇರಲಿ ಅಂತ. ಆ ರಾಜ್ಯದಲ್ಲಿ ಹಾಗೆ ಮಾತಾಡಿ ಗೆದ್ದ ಮೊದಲ ಊರುಗಳು ಇವೇ.

ಟೂಕಮ್‌ಕೇರಿಯ ಬೈಪಾಸ್ ಮುಗಿದದ್ದು 1981ರಲ್ಲಿ. ಇಂಟರ್‌ಸ್ಟೇಟ್ 40 ಈಗ ಊರಿಗೂ ಗುಡ್ಡಕ್ಕೂ ನಡುವೆ ಹೋಗುತ್ತದೆ. ಅಲ್ಲಿಂದ ಊರು ಕಾಣುತ್ತದೆ. ಹೊಸ ಮೋಟೆಲ್‌ಗಳು, ಎಲ್ಲ ಊರಲ್ಲೂ ಒಂದೇ ಥರ ಇರುತ್ತವಲ್ಲ ಅಂಥವು, ಇಳಿಯುವ ಜಾಗದ ಪಕ್ಕದಲ್ಲೇ ಎದ್ದವು. ಹಳೆಯ ಬೀದಿಗೆ ಬರಬೇಕು ಅಂದರೆ ಇನ್ನೊಂದಿಷ್ಟು ದೂರ ಬರಬೇಕು. ಆ ಒಂದಿಷ್ಟು ದೂರ ಎಷ್ಟು ಮೋಟೆಲ್ ನುಂಗಿತು ಅಂತ ಬೋರ್ಡೇ ಹೇಳುತ್ತದೆ. 2000 ರೂಮು ಅಂತ ಇದ್ದದ್ದು ಆಮೇಲೆ 1200 ಆಯಿತು. ಸ್ವಲ್ಪ ಕಾಲ 'ಟುನೈಟ್' ಅನ್ನೋದನ್ನೇ ತೆಗೆದು 'ಪಶ್ಚಿಮದ ಹೆಬ್ಬಾಗಿಲು' ಅಂತ ಹೊಸ ಘೋಷಣೆ ಹಾಕಿದರು. ಹೆಬ್ಬಾಗಿಲು ಅಂದರೆ ದಾಟಿ ಹೋಗುವ ಜಾಗ ಅಲ್ವಾ? ಮಲಗುವ ಜಾಗ ಅಲ್ಲ. ಯಾರಿಗೋ ಹೊಳೆದಿರಬೇಕು. 2008ರಲ್ಲಿ ಮತ್ತೆ 'ಟೂಕಮ್‌ಕೇರಿ ಟುನೈಟ್' ವಾಪಸ್ ತಂದರು.

66 ನಂಬರನ್ನೇ 1985ರಲ್ಲಿ ಅಧಿಕೃತವಾಗಿ ರದ್ದು ಮಾಡಿದರು. ಅದರ ಮೇಲೂ ಅದು ಬದುಕಿದ್ದಕ್ಕೆ ಒಬ್ಬ ಕ್ಷೌರಿಕರು ಕಾರಣ. ಅರಿಜೋನಾದ ಸೆಲಿಗ್‌ಮನ್ ಅನ್ನುವ ಪುಟ್ಟ ಊರು. 1978ರ ಸೆಪ್ಟೆಂಬರ್ 22ರಂದು ಅಲ್ಲಿ ಬೈಪಾಸ್ ತೆರೆಯಿತು. ಬೀದಿಯಲ್ಲಿ ಅಷ್ಟು ದಿನ ಒಂದೇ ಸಮನೆ ಹೋಗುತ್ತಿದ್ದ ಕಾರುಗಳು ಒಂದೇ ದಿನದಲ್ಲಿ ಮಾಯ. ಆ ಕ್ಷೌರಿಕರು, ಏಂಜೆಲ್ ಡೆಲ್ಗಡಿಯೊ, ತಮ್ಮ ಅಂಗಡಿ ಮುಚ್ಚಿ ಹೋಗಬಹುದಿತ್ತು, ಹೋಗಲಿಲ್ಲ. 1987ರಲ್ಲಿ ಅಕ್ಕಪಕ್ಕದ ಊರಿನವರನ್ನೆಲ್ಲ ಕೂಡಿಸಿ ಸಂಘ ಕಟ್ಟಿದರು, ರಾಜ್ಯ ಸರಕಾರದ ಬೆನ್ನು ಹತ್ತಿದರು. ಅದೇ ವರ್ಷ ಸೆಲಿಗ್‌ಮನ್‌ನಿಂದ ಕಿಂಗ್‌ಮನ್‌ವರೆಗಿನ ರಸ್ತೆ 'ಐತಿಹಾಸಿಕ ರೂಟ್ 66' ಆಯಿತು. ಉಳಿದ ರಾಜ್ಯಗಳಲ್ಲೂ ಸಂಘಗಳು ಹುಟ್ಟಿದವು.

ಅವರ ಅಣ್ಣ ಹ್ವಾನ್ 1953ರಲ್ಲಿ ರೈಲ್ವೆಯವರು ಬಿಸಾಡಿದ ಮರದ ಹಲಗೆಯಲ್ಲಿ ಸ್ನೋ ಕ್ಯಾಪ್ ಅನ್ನುವ ತಿಂಡಿ ಅಂಗಡಿ ಕಟ್ಟಿದ್ದರು. ಅದರ ಬಾಗಿಲಿಗೆ ಎರಡು ಹಿಡಿ, ಒಂದು ಸುಳ್ಳು ಹಿಡಿ. 'ಕ್ಷಮಿಸಿ, ಅಂಗಡಿ ತೆರೆದಿದೆ' ಅಂತ ಬೋರ್ಡು. ಸಾಸಿವೆ ಬಾಟಲಿಯನ್ನ ಗಿರಾಕಿ ಕಡೆಗೆ ಹಿಂಡುತ್ತಿದ್ದರು. ಗಿರಾಕಿ ಹೌಹಾರಿ ಹಿಂದಕ್ಕೆ ಜಿಗಿದ ಮೇಲೆ ನೋಡಿದರೆ ಬಂದದ್ದು ಬರೀ ಹಳದಿ ದಾರ. ಹಸಿವಾಗಿ ನಿಂತವರು ನಗುತ್ತಾ ಅರ್ಧ ಗಂಟೆ ಹೆಚ್ಚಿಗೆ ನಿಲ್ಲುತ್ತಿದ್ದರು.

ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ: 'ಈಗ ಅಲ್ಲಿ ಮಾರೋದು ಬರೀ ಹಳೆ ನೆನಪು ತಾನೆ? ಅದೂ ನಮ್ಮದಲ್ಲದ ನೆನಪು.' ಹೌದು, ಅದೇ. ಆ ಬೀದಿಯಲ್ಲಿ ಹುಟ್ಟದವರು, ಆ ಕಾಲ ನೋಡದವರು ದೇಶ ದೇಶದಿಂದ ಬರುತ್ತಾರೆ, ಮೋಟರ್ ಬೈಕುಗಳ ಸಾಲೇ ಬರುತ್ತದೆ. 2026ಕ್ಕೆ ದಾರಿಗೆ ನೂರು ವರ್ಷ ಅಂತ ಇನ್ನೂ ಜಾಸ್ತಿ ಜನ. ಆದರೆ ನನಗೆ ಇದರಲ್ಲಿ ಮೋಸ ಕಾಣೋಲ್ಲ. ರೈಲಿಗೆ ನೀರು ಮಾರಿದರು, ಕಾರಿಗೆ ಪೆಟ್ರೋಲ್ ಮಾರಿದರು, ಸುಸ್ತಾದವರಿಗೆ ಹಾಸಿಗೆ ಮಾರಿದರು. ಈಗ ಬರುವವರಿಗೆ ಏನು ಕಮ್ಮಿ ಇದೆಯೋ ಅದನ್ನ ಮಾರುತ್ತಾರೆ. ಬೇಜಾರು ಏನಂದರೆ, ನೆನಪು ಮಾರೋಕೆ ಹನ್ನೆರಡು ಚೆಂದದ ಕೋಣೆ ಸಾಕು. ಪಕ್ಕದ ಸಾಮಾನ್ಯ ಮೋಟೆಲ್ಲು, ಫೋಟೊಗೆ ಅಂಥಾ ಚೆಲುವೇನೂ ಇಲ್ಲದ್ದು, ಛಾವಣಿ ಕುಸಿದು ಬಿದ್ದಿದೆ.

ಇನ್ನೊಬ್ಬರು, 'ಅಲ್ಲಿ ಒಂದು ರಾತ್ರಿ ಇದ್ದು ನೋಡೋ ಅಂಥದ್ದು ಏನಿದೆ?' ಅಂತ ಕೇಳಿದರು. ನಾನು ಕಂಡದ್ದು ಹೇಳುತ್ತೇನೆ. ನಾನು ಇಳಿದುಕೊಂಡದ್ದು ಹೆಸರುವಾಸಿ ಮೋಟೆಲ್‌ನಲ್ಲಿ ಅಲ್ಲ. ಕೋಣೆ ಮುಂದೆ ಒಂದು ಕಬ್ಬಿಣದ ಕುರ್ಚಿ. ಕೂತಿದ್ದೆ. ಬೋರ್ಡಿನ ಕೆಳಗಡೆ 'ನೋ ವೇಕೆನ್ಸಿ' ಅಂತ ಎರಡು ಪದ. 'ವೇಕೆನ್ಸಿ' ಹೊತ್ತಿಕೊಂಡೇ ಇತ್ತು. 'ನೋ' ಅನ್ನೋದಕ್ಕೆ ಬೇರೆ ಸ್ವಿಚ್ಚು, ಅದು ಕತ್ತಲಲ್ಲಿತ್ತು. ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುಂಯ್ ಅನ್ನುತ್ತಿತ್ತು, ದೀಪದ ಸುತ್ತ ಹುಳ. ಯಜಮಾನಿ ಆಗಾಗ ಆಫೀಸಿನ ಬಾಗಿಲಿಗೆ ಬಂದು ರಸ್ತೆ ನೋಡಿ ಒಳಗೆ ಹೋಗುತ್ತಿದ್ದರು. ಒಂಬತ್ತು ಗಂಟೆ ದಾಟಿದ ಮೇಲೆ ಒಂದು ಕಾರು ಬಂತು, ಗಂಡ ಹೆಂಡತಿ, ನಿದ್ದೆ ಹೋದ ಒಂದು ಮಗು. ಮಗುವನ್ನ ಹೆಗಲ ಮೇಲೆ ಹಾಕಿಕೊಂಡು ಅವರು ಕೊನೆಯ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ 'ನೋ' ಒಂದೆರಡು ಸಲ ಮಿಣುಕಿ ಕೆಂಪಗೆ ನಿಂತಿತು. ಯಜಮಾನಿ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ಆ ಎರಡು ಅಕ್ಷರ ನೋಡುತ್ತಾ ನಿಂತರು. ಅಷ್ಟರಲ್ಲಿ ಇನ್ನೊಂದು ಕಾರು ಬಂದು ನಿಧಾನ ಮಾಡಿತು, ಬೋರ್ಡು ಓದಿಕೊಂಡು ಮುಂದಿನ ದೀಪದ ಕಡೆಗೆ ಹೋಯಿತು.